ದೊಡ್ಡವ್ವನ ತಗ್ಗು

ಮೊಮ್ಮಗಳು ಹೈದರಾಬಾದಿನ ಬಸ್ಸಿನಿಂದ ಇಳಿದವಳೇ, ಚೀಲ ಕೆಳಗಿಡುವ ಮೊದಲೇ, ನನ್ನ ಅಂಗೈಯಲ್ಲಿ ಒಂದು ಉಕ್ಕಿನ ಬಿಲ್ಲೆ ಇಟ್ಟಳು. ರೂಪಾಯಿಗಿಂತ ಸಣ್ಣದು. ನಡುವೆ ಸೂಜಿ ಹೋಗುವಷ್ಟು ತೂತು, ತೂತಿನ ಸುತ್ತ ಸಿಡುಬಿನ ಕಲೆಯ ಹಾಗೆ ಒಂದು ತಗ್ಗು. ನಾನು ಅದನ್ನು ಮೂಗಿಗೆ ಹಿಡಿದೆ. ಕಬ್ಬಿಣದ ವಾಸನೆ. ಬರೀ ಕಬ್ಬಿಣದ್ದಲ್ಲ, ಜೋರು ಪೆಟ್ಟು ತಿಂದ ಕಬ್ಬಿಣದ್ದು...

"ಮೂಸಿ ನೋಡ್ಲಿಕತ್ತೀಯಲ್ಲ ಆಯಿ, ಅದೇನು ಬದನಿಕಾಯಿ ಪಲ್ಯಾ ಏನು?" ಎಂದು ಅವಳು ನಕ್ಕಳು.

ನಾನು ಸೇಡಂ ಬಸ್ ಸ್ಟ್ಯಾಂಡಿನಲ್ಲೇ ಅವಳ ಎರಡೂ ಗಲ್ಲ ಹಿಂಡಿ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು. ವರ್ಷಗಟ್ಟಲೆ ಅವಳು ಹೈದರಾಬಾದಿನ ಲ್ಯಾಬಿನಲ್ಲಿ ಹಿಡಿದಿದ್ದ ಕೆಲಸ ಕೈಗೂಡಿತ್ತು. ಅವಳು ಹಿಂಡಿದ ಹರಳು ಕೊನೆಗೂ ಬದಲಾಗಿತ್ತು. ಅವಳ ಗುರುಗಳು, ಬೇರೆ ದೇಶದವರು, ಎಲ್ಲರೂ ಖರೇ ಎಂದು ಒಪ್ಪಿದ್ದರು. ಅಂಗಡಿಯಿಂದ ಪೇಢೆ ತಂದು ಕಂಡಕ್ಟರಿಗೆ ಕೊಟ್ಟೆ, ಹೂ ಮಾರುವವಳಿಗೆ ಕೊಟ್ಟೆ, ಯಾರೋ ಅಪರಿಚಿತ ಹುಡುಗನ ಬಾಯಿಗೂ ತುರುಕಿದೆ. ಆಟೋದವನು "ಏನ್ರೀ ಅಮ್ಮಾ, ಮದುವಿ ಗೊತ್ತಾತೇನ್ರಿ?" ಎಂದು ಕೇಳಿದ. "ಮದುವಿ ಏನ್ ಹಚ್ಚೀಯಪ್ಪಾ, ಅದಕ್ಕಿಂತ ಭಾಳ ದೊಡ್ಡದು" ಎಂದೆ.

ಆದರೆ ಆ ವಾಸನೆ ಮನೆಯವರೆಗೂ ನನ್ನ ಜೊತೆ ಬಂತು.

ಊಟಕ್ಕೆ ಕುಳಿತಾಗ ಅವಳು ತನ್ನ ಕೆಲಸ ಬಿಡಿಸಿ ಹೇಳಿದಳು. ನಾನು ಕಲಿತದ್ದು ಅಷ್ಟಕ್ಕಷ್ಟೆ. ಕನ್ನಡ ಸಾಲೆಯಲ್ಲಿ ಅಕ್ಷರ, ಕೂಡಿಸೋದು, ಕಳೆಯೋದು, ಅಲ್ಲಿಗೆ ಮುಗಿಯಿತು. ಆದರೆ ಅವಳು ಹೇಳಿದರೆ ನನಗೆ ತಿಳಿಯುತ್ತದೆ.

"ನೋಡು ಆಯಿ, ತಂತಿಯೊಳಗ ಎಲೆಕ್ಟ್ರಾನ್ ಅಂತ ಇರ್ತಾವ. ಸಂತ್ಯಾಗಿನ ಮಂದಿ ಇದ್ದಂಗ. ನುಗ್ಗಕೋತ ಹೋಗತಾವ, ಲೈಟ್ ಹತ್ತತದ. ನನ್ನ ಹರಳಿನಾಗ ಹಂಗಿಲ್ಲ. ಒಂದೊಂದು ಮನಿಗಿ ಒಂದೊಂದೇ. ಒಬ್ಬರಿಗೊಬ್ಬರು ಆಗಂಗಿಲ್ಲ. ಒಂದು ಇದ್ದ ಮನಿಗಿ ಇನ್ನೊಂದು ಕಾಲಿಟ್ರ ಭಾಳ ಜಗಳ. ಅದಕ್ಕ ಎಲ್ಲಾ ತಂತಮ್ಮ ಜಾಗಾದಾಗ ಕುಂತು ಬಿಟ್ಟಾವ. ಕರೆಂಟ್ ಹರಿಯಂಗಿಲ್ಲ."

"ಕಾವು ಕೊಟ್ರ ಎದ್ದು ಓಡತಾವೇನು?"

"ಕಾವು ಕೊಡಂಗೇ ಇಲ್ಲ. ಇದ್ದ ಕಾವನ್ನೂ ತಗೀತೀವಿ. ಬರ್ಫ್ ಏನೂ ಅಲ್ಲ ಅನ್ನಬೇಕು, ಅಷ್ಟು ಥಂಡಿ. ಆಮ್ಯಾಲ ಎರಡು ವಜ್ರದ ಮೊನಿ ನಡುವ ಇಟ್ಟು ಒತ್ತತೀವಿ. ಒತ್ತತೀವಿ, ಒತ್ತತೀವಿ, ಏನೂ ಆಗಂಗಿಲ್ಲ. ಒಂದು ಹಂತಕ್ಕ ಬಂದಾಗ ನೋಡು... ಎಲ್ಲಾ ಒಮ್ಮೆಲೇ ಹರೀಲಿಕ್ಕ ಶುರು! ಹರಳು ಅದೇ. ಕರಗಿಲ್ಲ, ಸುಟ್ಟಿಲ್ಲ. ಆದ್ರ ಅದು ಬ್ಯಾರೇನೇ ಆಗಿಬಿಟ್ಟಿರತದ."

ವಜ್ರವೇ ಎಷ್ಟೋ ಸಲ ಪಟಾಕಿಯ ಹಾಗೆ ಒಡೆದು ಪುಡಿಯಾಯಿತಂತೆ. ಈ ಬಿಲ್ಲೆ, ತೂತಿನಲ್ಲಿ ಹರಳು ಹಿಡಿದುಕೊಂಡು, ಆ ವಜ್ರಗಳ ನಡುವೆ ಸಿಕ್ಕು ಅಪ್ಪಚ್ಚಿಯಾದದ್ದು.

"ಕಾವಿಲ್ಲ ಅಂದಮ್ಯಾಲ ಅವು ಅಲುಗಾಡೋದಾದ್ರೂ ಹೆಂಗ?" ಎಂದೆ.

"ಎಷ್ಟೇ ಥಂಡಿ ಮಾಡು ಆಯಿ, ಒಂದು ನಡುಕ ಉಳೀತದ. ಅದನ್ನ ಯಾರೂ ತಗೀಲಿಕ್ಕಾಗಂಗಿಲ್ಲ. ಒತ್ತಿದಾಗ ಆ ನಡುಕಾನೇ ಕೆಲಸಾ ಮಾಡತದ."

ನಾನು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಹಾಗೇ ಇಟ್ಟೆ. ಆ ನಡುಕವನ್ನು ನಾನು ನೋಡಿದ್ದೆ. ಶಹಾಬಾದಿನ ಕಲ್ಲಿನ ಖಣಿಯಲ್ಲಿ, ಒಬ್ಬ ಹೆಂಗಸಿನ ಹೆಬ್ಬೆರಳಲ್ಲಿ...

ಎದ್ದು ಬಾಗಿಲ ಸಂದಿಗೆ ಹೋದೆ. ಅಲ್ಲಿ ನಮ್ಮ ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಾಗಿ ಇಟ್ಟ ಒಂದು ಕಬ್ಬಿಣದ ಗಡ್ಡೆ ಇದೆ. ಮೊಮ್ಮಗಳು ಹುಟ್ಟಿದಾಗಿನಿಂದ ಅದನ್ನು ನೋಡಿದ್ದಾಳೆ, ಏನೆಂದು ಕೇಳಿರಲಿಲ್ಲ. ಅದು ಘಣದ ತಲೆ, ಕಲ್ಲು ಒಡೆಯುವ ದೊಡ್ಡ ಸುತ್ತಿಗೆಯ ತಲೆ. ಅದು ದೊಡ್ಡವ್ವನದು, ಶಹಾಬಾದು ಬಿಟ್ಟು ಸೇಡಂಗೆ ಬಂದಾಗ ನಾವು ಹೊತ್ತು ತಂದದ್ದು.

ನನಗೆ ಅವಳು ರಕ್ತಸಂಬಂಧಿಯಲ್ಲ. ಖಣಿಯ ಮಂದಿಯೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ಪ್ರೀತಿಗಲ್ಲ, ಅಂಜಿಕೆಗೆ. ನಾನು ಮದುವೆಯಾಗಿ ಶಹಾಬಾದಿಗೆ ಬಂದಾಗ ನನ್ನ ಗಂಡ ಅಲ್ಲಿ ಪರಸಿ ಕಲ್ಲು ಎಬ್ಬಿಸುತ್ತಿದ್ದ. ಮನೆಯ ನೆಲಕ್ಕೆ ಹಾಸುತ್ತಾರಲ್ಲ, ಅದೇ ಕಲ್ಲು. ನೆಲದೊಳಗೆ ಅದು ಪುಸ್ತಕದ ಹಾಳೆಯ ಹಾಗೆ ಒಂದರ ಮೇಲೊಂದು ಮಲಗಿರುತ್ತದೆ. ಒಂದೊಂದು ಸಂಸಾರಕ್ಕೆ ಒಂದೊಂದು ತಗ್ಗು. ತಗ್ಗಿಗೂ ತಗ್ಗಿಗೂ ನಡುವೆ ಕಡಿಯದೆ ಬಿಟ್ಟ ಕಲ್ಲಿನ ಗೋಡೆ. ಆ ಖಣಿಯ ರಿವಾಜು ಒಂದೇ: ಇನ್ನೊಬ್ಬರ ತಗ್ಗಿಗೆ ಕಾಲಿಡಬಾರದು. ಕಲ್ಲು ಉರುಳಿ ಹೋದರೂ, ಹಾರೆ ಜಾರಿ ಬಿದ್ದರೂ, ಇಳಿಯಬಾರದು. ಇಳಿದವನು ಕಲ್ಲು ಕದಿಯಲು ಬಂದ ಎಂದೇ ಲೆಕ್ಕ. ಆಮೇಲೆ ಮಾತಿಲ್ಲ. ತಲೆ ಒಡೆಯುತ್ತಿತ್ತು, ಹಲ್ಲು ಉದುರುತ್ತಿತ್ತು. ಪರಸಿಯ ಮೇಲೆ ರಕ್ತ ಬಿದ್ದರೆ ಬೇಗ ಹೋಗುವುದಿಲ್ಲ. ತೊಳೆದು ಗಾಡಿಗೆ ಏರಿಸುತ್ತಿದ್ದರು.

ನಮ್ಮ ತಗ್ಗಿನ ಪಕ್ಕದ್ದೇ ದೊಡ್ಡವ್ವನ ತಗ್ಗು. ಗಂಡಸರಿಗೂ ಭಾರವಾಗುವ ಘಣ ಅವಳ ಕೈಯಲ್ಲಿ ಬೀಸಣಿಗೆಯ ಹಾಗೆ ತಿರುಗುತ್ತಿತ್ತು. ಅವಳ ಗಂಡ ಸತ್ತದ್ದು ಗೋಡೆಯ ಕೆಳಗೆ. ಆಚೆ ತಗ್ಗಿನವರು ಕಳ್ಳತನದಿಂದ ಗೋಡೆಯ ಬುಡ ಕೊರೆದಿದ್ದರು, ಅದು ಇವನ ಮೇಲೆ ಬಿತ್ತು. ಅಂದಿನಿಂದ ಅವಳು ತನ್ನ ಗೋಡೆಗಳನ್ನು ಮಕ್ಕಳನ್ನು ಕಾಯ್ದ ಹಾಗೆ ಕಾಯುತ್ತಿದ್ದಳು. ಕೆಳಗಿನ ತಗ್ಗಿನ ಒಬ್ಬ, ಮರೆತೋ ಕುಡಿದೋ, ಅವಳ ಗೋಡೆ ದಾಟಿ ಒಂದು ಹೆಜ್ಜೆ ಇಟ್ಟ. ಘಣದ ಹಿಡಿಕೆಯಿಂದ ಅವನ ಮಣಿಕಟ್ಟು ಮುರಿದಳು. ಕಬ್ಬು ಮುರಿದ ಸಪ್ಪಳ ಬಂತು. ಆ ಕೈ ಸೊಟ್ಟಗೆ ಕೂಡಿಕೊಂಡು, ಅವನು ಸೊಟ್ಟಗೈಯವನೇ ಆಗಿಬಿಟ್ಟ.

ನಾನು ಹೊಸ ಸೊಸೆ. ಖಣಿಗೆ ಬಂದ ಮೊದಲ ದಿನವೇ ನನ್ನ ತಲೆಯ ಮೇಲಿನ ಪುಟ್ಟಿಯಿಂದ ಒಂದು ಕಲ್ಲು ಉರುಳಿ ಅವಳ ತಗ್ಗಿಗೆ ಬಿತ್ತು. ತರಲು ಇಳಿದೆ. ಮುಂದಿನ ಕ್ಷಣ ನನ್ನ ಜಡೆ ಅವಳ ಮುಷ್ಟಿಯಲ್ಲಿತ್ತು. ಜಡೆ ಹಿಡಿದೇ ಎಳೆದು ತಂದು ನಮ್ಮ ಗಡಿಯಲ್ಲಿ ಚೆಲ್ಲಿದಳು.

"ಹೊಸ ಸೊಸಿ ಅಂತ ಕೂದಲಾ ಹಿಡದೀನಿ. ಇನ್ನೊಮ್ಮಿ ಬಂದ್ರ ಕುತ್ತಿಗಿ ಹಿಡೀತೀನಿ" ಎಂದಳು.

ಗಂಡ ಮೇಲಿನಿಂದ ನೋಡುತ್ತ ನಿಂತಿದ್ದ. ರಿವಾಜು ಅಂದರೆ ರಿವಾಜು. ಒಂದು ಮಾತು ಹೇಳಬೇಕು, ಅವಳು ಬೇರೆಯವರಿಗೊಂದು ತನಗೊಂದು ಮಾಡಿದವಳಲ್ಲ. ಅವಳು ಒಡೆದ ಒಳ್ಳೆಯ ಪರಸಿ ನಮ್ಮ ತಗ್ಗಿಗೆ ಜಾರಿ ಬಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ನಮ್ಮದಾಯಿತು, ಮುಗಿಯಿತು.

ಹೀಗೆ ಇಡೀ ಖಣಿ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದೆ, ಒಬ್ಬೊಬ್ಬರು ಒಂದೊಂದು ತಗ್ಗಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿತ್ತು...

ಚಳಿಗಾಲದ ಒಂದು ಮುಂಜಾನೆ. ಕಬ್ಬಿಣ ಮುಟ್ಟಿದರೆ ಕೈ ಜುಮ್ಮೆನ್ನುವ ಚಳಿ. ನಮ್ಮ ತಗ್ಗಿನ ಇನ್ನೊಂದು ಪಕ್ಕಕ್ಕೆ ಯಾರೂ ಕೆಲಸ ಮಾಡದ ಹಳೆಯ ತಗ್ಗೊಂದಿತ್ತು. ಮಳೆಗಾಲದ ನೀರು ಅದರಲ್ಲಿ ತುಂಬಿ ನಿಂತಿತ್ತು. ನಾನು ಮೇಲೆ ಕಲ್ಲು ಒಟ್ಟುತ್ತಿದ್ದೆ. ಕೆಳಗೆ ಗಂಡ ಹಾರೆ ಹಾಕಿ ಒಂದು ಪರಸಿ ಎಬ್ಬಿಸುತ್ತಿದ್ದ. ಆಗ ಹೊಸ ಬಟ್ಟೆ ಹರಿದಂಥ ಸಪ್ಪಳ. ಆ ಕಡೆಯ ಗೋಡೆ ಹೊಟ್ಟೆ ಉಬ್ಬಿಸಿತು. ಬಾಗಿಲಿನಷ್ಟು ಅಗಲದ ಕಲ್ಲು ಜಾರಿ ಬಂದು ಗಂಡನ ಕಾಲುಗಳ ಮೇಲೆ ಬಿತ್ತು. ಹಿಂದೆಯೇ ನೀರು.

ಅವನ ಕೂಗು ಮನುಷ್ಯನದಿರಲಿಲ್ಲ. ನಾನು ಬಿದ್ದೆನೋ ಇಳಿದೆನೋ, ಕೆಳಗಿದ್ದೆ. ಕಲ್ಲಿನ ಅಂಚಿಗೆ ಕೈ ಹಾಕಿ ಎಳೆದೆ. ಉಗುರು ಕಿತ್ತು ಬಂದವು, ಕಲ್ಲು ಅಲುಗಲಿಲ್ಲ. ನೀರು ಕೂತವನ ಸೊಂಟಕ್ಕೆ ಬಂತು, ಎದೆಗೆ ಬಂತು. ಥಂಡಿಗೆ ಅವನ ತುಟಿ ನೀಲಿಯಾದವು. "ಮ್ಯಾಲ ಹೋಗು! ಹೋಗು ಅಂದ್ರ ಹೋಗು, ರಂಡೆ!" ಎಂದು ನನಗೆ ಬೈದು ಎದೆಗೆ ಗುದ್ದಿದ. ನಾನು ಮುಳುಗಬಾರದು ಎಂದು ಗುದ್ದಿದ್ದು. ನಾನು ಅವನ ಕೊರಳು ಬಿಡಲಿಲ್ಲ.

ತಲೆ ಎತ್ತಿ ನೋಡಿದೆ. ಇಡೀ ಖಣಿ ಬಂದು ನಿಂತಿತ್ತು. ಎಲ್ಲರೂ ತಂತಮ್ಮ ತಗ್ಗಿನ ಅಂಚಿನಲ್ಲಿ, ಹಾರೆ ಹಿಡಿದು. ಒಬ್ಬರೂ ಇಳಿಯಲಿಲ್ಲ. ಕೆಡುಕು ಬಯಸಿ ನಿಂತವರಲ್ಲ ಅವರು. ಇಳಿದು ಗೊತ್ತಿರಲಿಲ್ಲ. ನೀ ಇಳಿ ಎಂದು ಇವನು ಅವನನ್ನು ನೋಡುತ್ತಿದ್ದ, ಅವನು ಇನ್ನೊಬ್ಬನನ್ನು. ಮಾಲಕನ ಲೆಕ್ಕ ಬರೆಯುವ ಮುನಶಿ ಕೊಡೆ ಊರಿಕೊಂಡು ನಿಂತು, "ಅವರ ತಗ್ಗು, ಅವರ ಹಣೆಬರಾ" ಎಂದ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ಅಷ್ಟು ತಣ್ಣಗೆ ಜನ ನಿಂತದ್ದನ್ನು ನಾನು ಎಂದೂ ಕಂಡಿಲ್ಲ.

ನಮ್ಮ ಎರಡು ತಗ್ಗುಗಳ ನಡುವಿನ ಗೋಡೆಯ ಮೇಲೆ ದೊಡ್ಡವ್ವ ನಿಂತಿದ್ದಳು. ಘಣ ಕೈಯಲ್ಲಿತ್ತು. ಕಾಲಿನ ಬೆರಳು ಸರಿಯಾಗಿ ಗಡಿಯ ಮೇಲೆ, ಒಂದು ಎಳೆ ಈಚೆಗಿಲ್ಲ. ಅವಳ ಮುಖವೂ ಕಲ್ಲೇ. ಆದರೆ ಘಣದ ಹಿಡಿಕೆಯ ಮೇಲೆ ಅವಳ ಹೆಬ್ಬೆರಳು ನಡುಗುತ್ತಿತ್ತು. ಬರೀ ಹೆಬ್ಬೆರಳು... ಚಳಿಗೆ ನಡುಗುವವಳಲ್ಲ, ಅಂಜಿ ನಡುಗುವವಳೂ ಅಲ್ಲ ಅವಳು.

ಅವಳು ತಿರುಗಿ ತನ್ನ ತಗ್ಗಿಗೆ ಇಳಿದು ಹೋದಳು. ಮುಗಿಯಿತು ಎಂದುಕೊಂಡೆ. ನೀರು ಗಂಡನ ಗದ್ದಕ್ಕೆ ಬಂದಿತ್ತು. ಅವನ ತಲೆಯನ್ನು ಹಿಂದಕ್ಕೆ ಎತ್ತಿ ಹಿಡಿದೆ.

ಆಗ ಅವಳ ಕಡೆಯ ಗೋಡೆಯ ಆಚೆಯಿಂದ, ಬುಡದಿಂದ, ಘಣದ ಪೆಟ್ಟು ಕೇಳಿತು. ಧಣ್! ನೀರೇ ಅದುರಿತು. ಅವಳ ತಗ್ಗು ನಮ್ಮದಕ್ಕಿಂತ ಆಳ. ಆ ಬುಡದಲ್ಲಿ ಗೋಡೆ ಒಡೆದರೆ ನಮ್ಮ ನೀರೆಲ್ಲ ಅವಳ ಕಡೆ ಹರಿಯುತ್ತದೆ. ಗೋಡೆಯೂ ಅವಳ ಮೇಲೇ ಬೀಳುತ್ತದೆ, ಅವಳ ಗಂಡನ ಮೇಲೆ ಬಿದ್ದ ಹಾಗೆ.

"ಯಾಕ್ ನಿಂತೀರಿ ಹೆಣಾ ಕಾಯೋರಂಗ!" ದನಿ ಸೀಳಿ ಬಂತು. "ಬರ್ರಿ! ನನ್ನ ತಗ್ಗಿಗಿ ಬರ್ರಿ! ಎಲ್ಲಾರೂ ಬರ್ರಿ!"

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಖಣಿಗೆ ಖಣಿಯೇ ಕುಸಿದು ಬಂದ ಹಾಗೆ ಜನ ಬಂದರು. ಯಾರು ಮುಂದೆ ಯಾರು ಹಿಂದೆ ಕಾಣಲಿಲ್ಲ. ಅವಳ ತಗ್ಗಿಗೆ ಧುಮುಕಿದರು, ನಮ್ಮ ತಗ್ಗಿಗೆ ಧುಮುಕಿದರು, ಗೋಡೆ ಹಾರಿ, ಗಡಿ ತುಳಿದು. ನಿನ್ನೆ ಒಬ್ಬರ ತಲೆ ಒಬ್ಬರು ಒಡೆದವರು ಒಂದೇ ಹಾರೆಗೆ ಕೈ ಹಾಕಿದರು. ಆಚೆ ಕಡೆ ಘಣದ ಪೆಟ್ಟು ಒಂದರ ಮೇಲೊಂದು ಬಿದ್ದವು. ಗೋಡೆಯ ಬುಡದ ಪದರುಗಳನ್ನು ಕಿತ್ತು ಕಿತ್ತು ಎಸೆದರು. ಕಿಡಿ ಹಾರುವುದು ಕಾಣದಿದ್ದರೂ ಸುಟ್ಟ ಕಬ್ಬಿಣದ ವಾಸನೆ ಗೋಡೆ ದಾಟಿ ಬಂತು.

ಆಮೇಲೆ ಗೋಡೆ ಸಿಡಿಯಿತು. ನೀರು ಗೂಳಿಯ ಹಾಗೆ ನುಗ್ಗಿ, ಅಡ್ಡ ಬಂದ ಕಲ್ಲುಗಳನ್ನು ಹೊತ್ತು ಒಗೆಯಿತು. ಜನ ಉರುಳಿ ಬಿದ್ದರು. ಯಾರದೋ ಪಕ್ಕೆಲುಬು, ಯಾರದೋ ಹಲ್ಲು. ದೊಡ್ಡವ್ವ ನಟ್ಟ ನಡುವೆ ಇದ್ದಳು. ನೀರು ಅವಳನ್ನು ಎತ್ತಿ ಎದುರಿನ ಗೋಡೆಗೆ ಅಪ್ಪಳಿಸಿತು. ಹಣೆ ಹುಬ್ಬಿನಿಂದ ನೆತ್ತಿಯವರೆಗೆ ಬಿಚ್ಚಿತು. ಅವಳು ಕೆತ್ತಿ ಸಾಲಾಗಿ ನಿಲ್ಲಿಸಿದ್ದ ಪರಸಿಗಳು ಹಪ್ಪಳದ ಹಾಗೆ ಪುಡಿಯಾದವು. ಆದರೆ ನಮ್ಮ ಕಡೆ ನೀರು ಗದ್ದ ಬಿಟ್ಟಿತು, ಎದೆ ಬಿಟ್ಟಿತು... ಹಾರೆಗಳು ಕಲ್ಲಿನ ಕೆಳಗೆ ಹೊಕ್ಕವು. ಹೇಯ್ ಎಂದು ಇಡೀ ಖಣಿ ಒಂದೇ ಗಂಟಲಿನಿಂದ ಕೂಗಿತು. ಕಲ್ಲು ಎದ್ದಿತು.

ಗಂಡನನ್ನು ಮೇಲೆ ತಂದು ಮಲಗಿಸಿದಾಗ ಒಂದು ಕಾಲಿನ ಮೂಳೆ ಹೊರಗೆ ಕಾಣುತ್ತಿತ್ತು. ಉಸಿರು ಇತ್ತು.

ದೊಡ್ಡವ್ವ ಅಂಚಿನಲ್ಲಿ ಕೂತಿದ್ದಳು. ಮುಖವೆಲ್ಲ ರಕ್ತ. ಹಳೆಯ ತಗ್ಗಿನ ನೀರೆಲ್ಲ ಬಂದು ಅವಳ ತಗ್ಗು ತುಂಬುತ್ತಿತ್ತು, ಅವಳು ನೋಡುತ್ತಿದ್ದಳು. ನಾನು ಹೋಗಿ ಕಾಲಿಗೆ ಬಿದ್ದೆ. ಒದ್ದಳು. "ಕಾಲ ಬಿಡು ಹುಚ್ಚಿ. ಗಂಡನ್ನ ನೋಡು ಹೋಗು." ಸೊಟ್ಟಗೈಯವನು ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತಿದ್ದ. ಅವನ ಕಡೆ ತಿರುಗಿ, "ನೀನೂ ಬಂದಿದ್ದೇನೋ?" ಎಂದಳು.

"ಇನ್ನೊಂದು ಕೈ ಉಳಿದಿತ್ತಲ್ಲ ದೊಡ್ಡವ್ವಾ" ಎಂದ ಅವನು.

ಅವಳು ನಕ್ಕಳು. ರಕ್ತ ಬಾಯಿಗೆ ಬಂದು ಉಗುಳಿದಳು, ಮತ್ತೆ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ...

ಆ ದಿನದ ನಂತರ ನಮ್ಮ ಖಣಿಯಲ್ಲಿ ಆ ರಿವಾಜು ತಿರುಗಿ ಬರಲಿಲ್ಲ. ಮುನಶಿ ಸುಣ್ಣದಿಂದ ಗಡಿ ಬರೆಸಿದ. ಜನ ಅದರ ಮೇಲೇ ಬುತ್ತಿ ಬಿಚ್ಚಿ ಕೂತರು. ಜಗಳ ನಿಂತಿತು ಎನ್ನುವುದಿಲ್ಲ, ಬಾಯಿ ಮೊದಲಿನ ಹಾಗೇ ಇದ್ದವು. ಆದರೆ ಯಾರದಾದರೂ ಕಲ್ಲು ಜಾರಿದರೆ ನಾಲ್ಕೂ ಕಡೆಯಿಂದ ಇಳಿಯುತ್ತಿದ್ದರು.

ದೊಡ್ಡವ್ವನಿಗೆ ಮಾತ್ರ ಅಲ್ಲಿ ತಗ್ಗು ಉಳಿಯಲಿಲ್ಲ. ನಮ್ಮ ಜೊತೆಗೇ ಕೆಲಸ ಮಾಡು ಎಂದು ಕೈ ಹಿಡಿದೆ. "ಇನ್ನೊಬ್ಬರ ತಗ್ಗಿನಾಗ ನನಗ ಉಸಿರು ಹತ್ತಂಗಿಲ್ಲ" ಎಂದಳು. ಹಿಡಿಕೆ ಮುರಿದ ಘಣದ ತಲೆಯನ್ನು ನಮ್ಮ ಬಾಗಿಲ ಮುಂದೆ ಎಸೆದು, ಗಂಟು ಹೊತ್ತು ವಾಡಿಯ ಕಡೆಯ ಖಣಿಗೆ ಹೊರಟು ಹೋದಳು.

ಮರುವರ್ಷ ನನ್ನ ಮಗ ಹುಟ್ಟಿದ, ಈ ಮೊಮ್ಮಗಳ ಅಪ್ಪ. ಮೊದಲು ತೋರಿಸಬೇಕಾದದ್ದು ಅವಳಿಗೇ ಎಂದು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ರೈಲು ಹತ್ತಿ ವಾಡಿಗೆ ಹೋದೆ. ಖಣಿಯ ಅಂಚಿನಲ್ಲಿ ಕಲ್ಲು ಆರಿಸುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಅವಳು ನನ್ನನ್ನೂ ಕೂಸನ್ನೂ ನೋಡಿ, ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ಹೇಳಿದಳು. ಹಿಂದಿನ ವಾರ ದೊಡ್ಡವ್ವನ ಮೇಲೆ ಗೋಡೆ ಬಿದ್ದಿತ್ತು. ಜೀವ ಒಮ್ಮೆಲೇ ಹೋಗಲಿಲ್ಲ. ಮುಂಜಾನೆಯಿಂದ ಬಿಸಿಲು ಏರುವವರೆಗೂ ಕೆಳಗಿನಿಂದ ಕೂಗಿದಳಂತೆ. ಬರ್ರಿ, ಬರ್ರಿ ಎಂದು.

"ಮತ್ತ ನೀವು?"

"ಎಲ್ಲಾರೂ ನಿಂತಿದ್ದೆವು ಅವ್ವಾ. ನಮ್ಮ ಕಡಿ ರಿವಾಜ್ ಹಂಗದ. ಇನ್ನೊಬ್ಬರ ತಗ್ಗಿಗಿ ಇಳಿಯಂಗಿಲ್ಲ."

ಕೂಸು ಒಂದು ಕೈಯಲ್ಲಿತ್ತು. ಇನ್ನೊಂದು ಕೈಗೆ ಕಲ್ಲು ಸಿಕ್ಕಿತು. ಬೀಸಿ ಒಗೆದೆ. ಅವಳಿಗೆ ತಾಗಲಿಲ್ಲ. ಮತ್ತೊಂದು ಎತ್ತಿದೆ. ಯಾರೋ ಬಂದು ಕೈ ಹಿಡಿದರು. ಕೂಸು ಕಿರುಚುತ್ತಿತ್ತು, ನಾನೂ ಕಿರುಚುತ್ತಿದ್ದೆ...

ಇದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ತಾಟಿನಲ್ಲಿ ರೊಟ್ಟಿ ಒಣಗಿ ಕಟಕಲಾಗಿತ್ತು. ಮೊಮ್ಮಗಳು ಘಣದ ತಲೆಯನ್ನು ಎರಡೂ ಕೈಯಿಂದ ಎತ್ತಲು ಹೋಗಿ, ಅರ್ಧಕ್ಕೆ ಬಿಟ್ಟಳು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ನನ್ನ ಗಂಡ ತನ್ನ ಸೊಟ್ಟ ಮೊಣಕಾಲು ತಟ್ಟಿಕೊಂಡು, "ಇಷ್ಟು ವರ್ಷ ಓದಿ ಕಡೀಕ ಮುತ್ಯಾನ ಕಾಲಿನ ಮ್ಯಾಲೇ ಬರದಂಗಾತಲ್ಲ ನಿನ್ನ ಪುಸ್ತಕ!" ಎಂದ. ಅವಳು ನಗುತ್ತ ಕಣ್ಣೊರೆಸಿಕೊಂಡಳು. ನನ್ನ ಎದೆ ತುಂಬಿ ಹರಿಯಿತು. ಅವನು ಕೂತಿದ್ದಾನೆ, ಇವಳು ನಗುತ್ತಿದ್ದಾಳೆ. ಇಬ್ಬರೂ ಆ ಒಡೆದ ಗೋಡೆಯ ಈಚೆಗೆ ಇದ್ದಾರೆ.

"ಒಂದು ಹೇಳು. ನಿನ್ನ ಹರಳಿನಾಗ ಮೊದಲು ಯಾವ ಎಲೆಕ್ಟ್ರಾನು ಹೊಂಡತದ?" ಎಂದು ಕೇಳಿದೆ.

ಅವಳು ಯೋಚಿಸಿದಳು. ಸುಳ್ಳು ಹೇಳಿ ನನ್ನನ್ನು ಖುಷಿಪಡಿಸುವ ಹುಡುಗಿಯಲ್ಲ ಅವಳು. "ಮೊದಲನೇದು ಅಂತ ಒಂದೂ ಇರಂಗಿಲ್ಲ ಆಯಿ. ಎಲ್ಲಾ ಕೂಡೇ. ಇದು ಯಾವುದು, ಅದು ಯಾವುದು ಅಂತ ಗುರ್ತಾ ಹಿಡೀಲಿಕ್ಕೂ ಬರಂಗಿಲ್ಲ."

"ಇರಲಿ ನನ್ನವ್ವಾ. ನಮ್ಮ ಖಣಿಯಾಗ ಗುರ್ತಾ ಹಿಡೀಲಿಕ್ಕ ಬರತಿತ್ತು" ಎಂದೆ.

ಶಹಾಬಾದಿನ ಆ ತಗ್ಗು ಈಗಲೂ ನೀರು ತುಂಬಿಕೊಂಡು ಹಸಿರಾಗಿ ನಿಂತಿದೆ. ಎಮ್ಮೆಗಳು ಮೀಯುತ್ತವೆ. ವಾಡಿಯ ತಗ್ಗು ಎಲ್ಲಿತ್ತು ಎಂದು ತೋರಿಸುವವರೂ ಉಳಿದಿಲ್ಲ. ಮೊಮ್ಮಗಳು ಆ ಉಕ್ಕಿನ ಬಿಲ್ಲೆಯನ್ನು ಘಣದ ತಲೆಯ ಮೇಲೆ ಇಟ್ಟು ಮಲಗಲು ಹೋದಳು. ನಾಳೆ ಓಣಿಯ ಉಳಿದ ಮನೆಗಳಿಗೆ ಪೇಢೆ ಹಂಚಬೇಕು, ಇನ್ನೂ ಅರ್ಧ ಡಬ್ಬಿ ಇದೆ. ನಾನು ಬಾಗಿಲು ಹಾಕುತ್ತ ಒಂದು ಕ್ಷಣ ಅಲ್ಲೇ ಕುಕ್ಕರಿಸಿದೆ. ವಾಡಿಯ ಜನಕ್ಕೆ ನಾನು ಇಷ್ಟು ವರ್ಷ ಶಾಪ ಹಾಕಿದ್ದೇನೆ. ಅವರೂ ನಮ್ಮವರ ಹಾಗೇ ಹಾರೆ ಹಿಡಿದು ಅಂಚಿನಲ್ಲಿ ನಿಂತಿದ್ದರು. ಅಲ್ಲಿ ಮೊದಲು ಇಳಿಯಬೇಕಾದವಳೇ ಕಲ್ಲಿನ ಕೆಳಗೆ ಇದ್ದಳು.